ಹವಳದ ಕೆಂಪು: ಹುಟ್ಟು ಬಣ್ಣವೋ, ಹಚ್ಚಿದ ಬಣ್ಣವೋ?

ತಾಳಿಯ ಸರದಲ್ಲಿ ಕರಿಮಣಿಗಳ ನಡುವೆ ಹವಳ ಪೋಣಿಸುವ ವಾಡಿಕೆ ಕನ್ನಡಿಗರ ಅನೇಕ ಮನೆತನಗಳಲ್ಲಿದೆ. ಊರು ಬಿಟ್ಟು ಬಂದವರೂ ಅದನ್ನು ಬಿಟ್ಟಿಲ್ಲ. ಆದರೆ ಸರ ಹರಿದಾಗ, ಮಗಳ ಮದುವೆ ಕೂಡಿಬಂದಾಗ ಅವರು ಹೋಗಬೇಕಾದುದು ಪರಿಚಿತ ಅಕ್ಕಸಾಲಿಗನ ಬಳಿಗಲ್ಲ, ಪರಭಾಷೆಯ ಅಂಗಡಿಗೆ. ಪುಣೆಯಲ್ಲಿ ಅದೇ ವಸ್ತುವಿಗೆ ಪೋವಳೆ ಎನ್ನುತ್ತಾರೆ. ಹೈದರಾಬಾದಿನಲ್ಲಿ ಪಗಡಂ, ದೆಹಲಿಯಲ್ಲಿ ಮೂಂಗಾ. ಚೆನ್ನೈನ ಪವಳಂ ಮಾತ್ರ ನಮ್ಮ ಹಳಗನ್ನಡದ ಪವಳವೇ. ಹೆಸರು ಬದಲಾದರೆ ನಷ್ಟವಿಲ್ಲ. ಬಣ್ಣದ ವಿಷಯದಲ್ಲಿ ಮೋಸಹೋದರೆ ನಷ್ಟವುಂಟು.

ಹವಳವು ಗಣಿಯಿಂದ ಬರುವ ಕಲ್ಲಲ್ಲ. ಸಮುದ್ರದಡಿಯ ಬಂಡೆಗಳಿಗೆ ಅಂಟಿಕೊಂಡು ಬಾಳುವ ಅತಿ ಚಿಕ್ಕ ಜೀವಿಗಳು ಸಮೂಹವಾಗಿ ಕಟ್ಟಿಕೊಳ್ಳುವ ಗಟ್ಟಿಯಾದ ಅಸ್ಥಿ ಅದು. ನೋಡಲು ಎಲೆಯಿಲ್ಲದ ಕುರುಚಲು ಗಿಡದಂತೆ ಕವಲೊಡೆದಿರುತ್ತದೆ. ಅದರ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ದ್ರವ್ಯವೇ. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನಾಯ್ಡ್ ವರ್ಗದ ವಸ್ತುಗಳು ಅಸ್ಥಿಯೊಳಗೇ ಸೇರಿಕೊಂಡಿರುವುದರಿಂದ ಕೆಂಪು ಬಂದಿದೆ. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ಹೆಸರಾಂತದ್ದು. ಜಪಾನ್ ಮತ್ತು ತೈವಾನ್ ಸಮೀಪದ ಸಾಗರದಲ್ಲಿಯೂ ಅದೇ ಕುಟುಂಬದ ಹವಳಗಳಿವೆ. ಕೊಂಬೆಯ ದಪ್ಪ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ಹೆಚ್ಚುವುದಿಲ್ಲ. ಹಾಗಿರುವಾಗ ದಪ್ಪ ದಪ್ಪ ಮಣಿಗಳ ಸರವೊಂದು ಕೆಲವೇ ನೂರು ರೂಪಾಯಿಗೆ ದೊರೆತರೆ, ಅದು ಎಲ್ಲಿಂದ ಬಂತೆಂದು ಕೇಳುವುದು ನ್ಯಾಯ.

ಈ ವ್ಯಾಪಾರ ಹೊಸದಲ್ಲ. ರೋಮಿನವರು ಭಾರತದ ಮುತ್ತಿಗೆ ಕೊಡುವ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತಾರೆಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. 18ನೆಯ ಶತಮಾನದಲ್ಲಿ ಮೆಡಿಟರೇನಿಯನ್ ಹವಳವನ್ನು ಮದರಾಸಿಗೆ ತರಿಸಿ, ಇಲ್ಲಿಂದ ವಜ್ರಗಳನ್ನು ಕಳುಹಿಸುತ್ತಿದ್ದ ವರ್ತಕರಿದ್ದರು. ಚೆನ್ನೈನ ಜಾರ್ಜ್ ಟೌನಿನಲ್ಲಿ ಹವಳದ ವರ್ತಕರ ಹೆಸರಿನ ಬೀದಿ ಇಂದಿಗೂ ಇದೆ. ಇಟಲಿಯ ನೇಪಲ್ಸ್ ಬಳಿಯ ಟೊರ್ರೆ ದೆಲ್ ಗ್ರೆಕೊ ಪಟ್ಟಣ ಹವಳದ ಕೆತ್ತನೆಗೆ ಪ್ರಸಿದ್ಧ.

ಇನ್ನು ನಕಲಿನ ಮಾತು. ಗಾಜು, ಪ್ಲಾಸ್ಟಿಕ್, ಮೂಳೆ, ಹವಳದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಉಂಡೆ, ಇವೆಲ್ಲ ಪೇಟೆಯಲ್ಲಿವೆ. ಆದರೆ ತಿಳಿದವರನ್ನೂ ತಪ್ಪುದಾರಿಗೆಳೆಯುವುದು ಬಿದಿರು ಹವಳ. ಇದೂ ಸಮುದ್ರದ ಹವಳವೇ. ಬಿದಿರಿನಂತೆ ಗೆಣ್ಣುಗಳಿರುವ ಇದರ ಸಹಜ ಬಣ್ಣ ಬಿಳಿ ಅಥವಾ ಮಾಸಲು. ಇದನ್ನು ಕೆಂಪು ಬಣ್ಣದಲ್ಲಿ ಅದ್ದಿ ಮಾರುತ್ತಾರೆ. "ಇದು ಅಸಲಿ ಹವಳ" ಎಂದು ವ್ಯಾಪಾರಿ ಹೇಳಿದರೆ ಆ ಮಾತು ಪೂರ್ಣ ಸುಳ್ಳೂ ಅಲ್ಲ! ಆದುದರಿಂದ ಗ್ರಾಹಕರು "ಇದು ಹವಳವೇ?" ಎಂದಷ್ಟೇ ಕೇಳಿದರೆ ಸಾಲದು, "ಬಣ್ಣ ಸಹಜವೇ, ಹಚ್ಚಿದ್ದೇ?" ಎಂದು ಕೇಳಬೇಕು.

ಉತ್ತರ ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಅದು ಪ್ರತಿ ಚಿನಿವಾರನ ಬಳಿ ಇರುತ್ತದೆ, ಕೇಳಲು ಸಂಕೋಚ ಬೇಡ. ಕೆಂಪು ಹವಳದ ಮೈಮೇಲೆ ಉದ್ದಕ್ಕೆ ಸಾಗುವ ಅತಿ ನವಿರಾದ ಸಮಾನಾಂತರ ಗೆರೆಗಳಿರುತ್ತವೆ. ಕೊಂಬೆಯನ್ನು ಅಡ್ಡ ಕತ್ತರಿಸಿದ ಕಡೆ ಮರದ ಬಳೆಗಳಂತಹ ರಚನೆ ಕಾಣಬಹುದು. ಬಿದಿರು ಹವಳದ ಗೆರೆಗಳು ಒರಟು, ಅಗಲ. ಬಣ್ಣವು ಆ ಗೆರೆಗಳಲ್ಲಿಯೂ ಬಿರುಕುಗಳಲ್ಲಿಯೂ ಮಡುಗಟ್ಟಿ ನಿಂತಿರುತ್ತದೆ. ಮುಖ್ಯವಾಗಿ ಮಣಿಯ ರಂಧ್ರದೊಳಗೆ ನೋಡಬೇಕು. ಬಣ್ಣ ಹೊರಪದರಕ್ಕೆ ಮುಗಿದು ಒಳಗೆ ಬಿಳುಪು ಕಂಡರೆ, ಅಥವಾ ರಂಧ್ರದ ಅಂಚಿನಲ್ಲಿ ಮಾತ್ರ ಗಾಢವಾಗಿದ್ದರೆ ಸಂಶಯಪಡಬೇಕು. ಆದರೆ ಒಂದು ಎಚ್ಚರಿಕೆ: ಜಪಾನಿನ ಕೆಂಪು ಹವಳದ ತಿರುಳು ಸಹಜವಾಗಿಯೇ ಬಿಳಿಯಾಗಿರುತ್ತದೆ. ಬಿಳುಪು ಕಂಡೊಡನೆ ವ್ಯಾಪಾರಿಯನ್ನು ಕಳ್ಳನೆನ್ನುವಂತಿಲ್ಲ. ಗಾಜಿನಲ್ಲಿ ಇಂತಹ ಗೆರೆಗಳಿರದೆ ಗಾಳಿಗುಳ್ಳೆಗಳು ಕಾಣಬಹುದು. ಪ್ಲಾಸ್ಟಿಕ್ ಕೈಗೆ ಹಗುರ.

ಮನೆಮದ್ದಿನಂತೆ ಮನೆಪರೀಕ್ಷೆಗಳೂ ಪ್ರಚಾರದಲ್ಲಿವೆ. ಹವಳವನ್ನು ಹಾಲಿನಲ್ಲಿಟ್ಟಾಗ ಹಾಲು ಕೆಂಪಾದರೆ ಅದು ಅಸಲಿ ಎಂಬ ನಂಬಿಕೆ ತಲೆಕೆಳಗಾದುದು. ಸಹಜ ಬಣ್ಣ ಹಾಲಿಗೆ ಬಿಡುವುದಿಲ್ಲ, ಬಿಟ್ಟರೆ ಅದು ಹಚ್ಚಿದ ಬಣ್ಣ. ನಿಂಬೆರಸ ಹಾಕಿದಾಗ ಗುಳ್ಳೆ ಬಂದರೆ ಅಸಲಿ ಎಂಬುದೂ ನಿಲ್ಲದ ಮಾತು: ಬಣ್ಣದ ಬಿದಿರು ಹವಳ, ಚಿಪ್ಪು, ಅಮೃತಶಿಲೆ ಎಲ್ಲವೂ ಆಮ್ಲಕ್ಕೆ ಗುಳ್ಳೆ ಬಿಡುವಂಥವೇ. ಮೇಲಾಗಿ, ಆಮ್ಲ ತಗುಲಿದ ಹವಳದ ಹೊಳಪು ಅಳಿಯುತ್ತದೆ. ಚಿನ್ನ ಬೆಳಗಲು ಹುಣಸೆಹುಳಿಯಲ್ಲಿ ತಾಳಿಸರವನ್ನೇ ನೆನೆಹಾಕುವವರು ಇದನ್ನು ಗಮನಿಸಬೇಕು. ಕಾಯಿಸಿದ ಸೂಜಿ ಚುಚ್ಚುವುದಂತೂ ಬೇಡವೇ ಬೇಡ.

ಉಪಯೋಗಕ್ಕೆ ಬರುವ ಸರಳ ಪರೀಕ್ಷೆ ಒಂದಿದೆ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನನ್ನು ಹತ್ತಿಗೆ ತುಸು ಹಚ್ಚಿ, ಮಣಿಯ ರಂಧ್ರದ ಬಳಿ, ಕಾಣದ ಕಡೆ, ಒರೆಸಿ ನೋಡುವುದು. ಹತ್ತಿ ಕೆಂಪಾದರೆ ಬಣ್ಣ ಹಚ್ಚಿದ್ದು. ಪೋಣಿಸಿದ ದಾರವೇ ಕೆಂಪಾಗಿದ್ದರೆ ಅದರ ಬಣ್ಣವೂ ಹತ್ತಿಗೆ ಹತ್ತೀತು. ಆದ್ದರಿಂದ ದಾರಕ್ಕೆ ತಾಗಿಸಬಾರದು. ಹತ್ತಿ ಬಿಳಿಯಾಗಿಯೇ ಉಳಿದರೆ ಮಾತ್ರ ಏನೂ ಸಿದ್ಧವಾಗದು, ಏಕೆಂದರೆ ಬಣ್ಣದ ಮೇಲೆ ರಾಳದ ಲೇಪ ಕೊಟ್ಟಿರಬಹುದು. ಬೆಲೆ ಹೆಚ್ಚಿನದಾದರೆ ರತ್ನಪರೀಕ್ಷಾ ಪ್ರಯೋಗಾಲಯವೇ ಗತಿ. ಮುಂಬಯಿ, ಜೈಪುರಗಳಲ್ಲಿ ಅಂಥವು ಇವೆ. ರಾಮನ್ ರೋಹಿತದ ವಿಧಾನದಿಂದ ಕೆರೋಟಿನಾಯ್ಡನ್ನು ಅಲ್ಲಿ ಮಣಿಗೆ ಹಾನಿಯಾಗದಂತೆ ಗುರುತಿಸಬಹುದು.

ಆಭರಣದ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು. ಅದರಲ್ಲಿ ಕೂಡಿಸಿದ ಹವಳದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಆದುದರಿಂದ ರಸೀತಿಯಲ್ಲಿ "ಸಹಜ ಬಣ್ಣದ ಕೆಂಪು ಹವಳ" ಎಂದು ತೂಕ, ಬೆಲೆ ಸಹಿತ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಪರೀಕ್ಷೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಹಳೆಯ ಸರವನ್ನು ಹೊಸದಾಗಿ ಪೋಣಿಸಲು ಕೊಡುವಾಗ ಮಣಿಗಳನ್ನು ಎಣಿಸಿ, ತೂಗಿಸಿ, ಚೀಟಿ ಪಡೆಯುವುದು ಅಷ್ಟೇ ಅವಶ್ಯ. ಅಜ್ಜಿಯ ಕಾಲದ ಹವಳ ಹೋಗಿ ಬಣ್ಣದ ಮಣಿ ಬಂದರೆ ಚೀಟಿಯಿಲ್ಲದೆ ವಾದಿಸುವುದು ಕಷ್ಟ.

ಮೋಸಹೋದವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಖರೀದಿ ಬೇರೆ ಊರಿನಲ್ಲಿ ಆಗಿದ್ದರೂ, ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಅಧಿನಿಯಮ ಅವಕಾಶ ನೀಡಿದೆ. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು.