ನೀರಿನ ಪರೀಕ್ಷೆ ಮೊದಲು, ಫಿಲ್ಟರು ಅನಂತರ

ಮನೆಗೆ ಬೇಕಾದ ಯಂತ್ರಗಳಲ್ಲಿ ಕುಡಿಯುವ ನೀರಿನ ಫಿಲ್ಟರನ್ನು ನಾವು ಬಹುಮಟ್ಟಿಗೆ ಭಯದ ಪ್ರೇರಣೆಯಿಂದಲೇ ಕೊಳ್ಳುತ್ತೇವೆ. ಮಕ್ಕಳ ಆರೋಗ್ಯದ ಮಾತು ಬಂದಲ್ಲಿ ಬೆಲೆಯನ್ನು ಚರ್ಚಿಸುವುದೇ ಸಲ್ಲದೆಂಬ ಭಾವನೆ ಮೂಡುವುದರಿಂದ, ನಮ್ಮ ನೀರಿನಲ್ಲಿರುವ ದೋಷವಾವುದು, ಅದನ್ನು ನೀಗುವ ಶಕ್ತಿ ಈ ಯಂತ್ರಕ್ಕುಂಟೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದುಬಿಡುತ್ತವೆ. ಬೆಂಗಳೂರಿನಲ್ಲಿ ನಾನು ವಾಸವಾಗಿರುವ ಮನೆ, ಬಾಗೇಪಲ್ಲಿಯ ಕಡೆಯ ಹಳ್ಳಿಯಲ್ಲಿ ನನ್ನ ತಮ್ಮನು ನೋಡಿಕೊಳ್ಳುತ್ತಿರುವ ಪಿತ್ರಾರ್ಜಿತ ಮನೆ, ಇವೆರಡಕ್ಕೂ ನೀರಿನ ಏರ್ಪಾಡು ಮಾಡಬೇಕಾಗಿ ಬಂದಾಗ ಈ ಪ್ರಶ್ನೆಗಳ ಮಹತ್ತ್ವವು ರೂಪಾಯಿಗಳ ಲೆಕ್ಕದಲ್ಲಿಯೇ ನನಗೆ ಗೋಚರವಾಯಿತು.

ಬೆಂಗಳೂರಿನ ಮನೆಗೆ ಬಂದ ಮಾರಾಟಗಾರನೊಬ್ಬನು ಎರಡು ಲೋಟಗಳಲ್ಲಿ ನಲ್ಲಿಯ ನೀರನ್ನೂ, ಕರಗಿದ ಲವಣಗಳನ್ನು ಪೊರೆಯ ಮೂಲಕ ಸೋಸಿ ತೆಗೆಯುವ ತನ್ನ ಆರ್‌ಒ ಯಂತ್ರದ ನೀರನ್ನೂ ತುಂಬಿ, ಎರಡರಲ್ಲಿಯೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತನ್ನು ಹರಿಸಿದನು. ಕ್ಷಣಾರ್ಧದಲ್ಲಿ ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿ ಗಷ್ಟುಗಟ್ಟಿದುದನ್ನು ಕಂಡು ನನ್ನ ಮನೆಯವರು ಬೆಚ್ಚಿದರು. ಈ ಪ್ರದರ್ಶನವು ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ಅದರ ಮರ್ಮವನ್ನು ಬಿಡಿಸಿ ಹೇಳುವುದು ಅವಶ್ಯವೆಂದು ಭಾವಿಸುತ್ತೇನೆ. ಆ ಕಂದುಬಣ್ಣವು ನೀರಿನ ಕೊಳೆಯಲ್ಲ. ನೀರಿನಲ್ಲಿ ಸ್ವಾಭಾವಿಕವಾಗಿರುವ ಲವಣಗಳ ಮೂಲಕ ವಿದ್ಯುತ್ತು ಪ್ರವಹಿಸಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ತೋರುತ್ತದೆ. ಆರ್‌ಒ ನೀರಿನಲ್ಲಿ ಲವಣಗಳು ಅತ್ಯಲ್ಪವಾದುದರಿಂದ ವಿದ್ಯುತ್ತು ಹರಿಯುವುದೂ ಅತ್ಯಲ್ಪ, ಆದುದರಿಂದಲೇ ಅದು ತಿಳಿಯಾಗಿಯೇ ಉಳಿಯುತ್ತದೆ.

ಆತನನ್ನು ಕಳುಹಿಸಿಕೊಟ್ಟು, 1,200 ರೂಪಾಯಿ ತೆತ್ತು, ಮಾನ್ಯತೆ ಪಡೆದ ಪ್ರಯೋಗಾಲಯವೊಂದರಲ್ಲಿ ನೀರನ್ನು ಪರೀಕ್ಷೆ ಮಾಡಿಸಿದೆನು. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಸುಮಾರು 100 ಕಿಲೋಮೀಟರು ದೂರದಿಂದ ಮೇಲೆತ್ತಲ್ಪಟ್ಟು ಬರುವ ಆ ಕಾವೇರಿಯ ನೀರಿನ ಟಿಡಿಎಸ್, ಅಂದರೆ ಕರಗಿದ ಘನಪದಾರ್ಥಗಳ ಮೊತ್ತ, ಲೀಟರಿಗೆ 240 ಮಿಲಿಗ್ರಾಂ ಇದ್ದಿತು. ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ 500ರವರೆಗೆ ಅದು ಸ್ವೀಕಾರಾರ್ಹ. ದೋಷವಿದ್ದುದು ಬೇರೊಂದರಲ್ಲಿ: ಸಂಪಿನಲ್ಲಿಯೂ ಮೇಲಿನ ತೊಟ್ಟಿಯಲ್ಲಿಯೂ ನಿಂತ ನೀರಿನಲ್ಲಿ ಕೋಲಿಫಾರ್ಮ್ ಸೂಕ್ಷ್ಮಾಣುಗಳಿದ್ದವು. ತೊಟ್ಟಿಗಳನ್ನು ತೊಳೆಯಿಸಿದ ಮೇಲೆ, ಸೂಕ್ಷ್ಮಾಣುಗಳಿಗೆ ನೇರಳಾತೀತ ಕಿರಣದ ದೀಪವೂ ಕ್ಲೋರಿನ್ನಿನ ವಾಸನೆಗೆ ಇಂಗಾಲದ ಶೋಧಕವೂ ಇರುವ ಯುವಿ ಯಂತ್ರವೇ ಸಾಕಾಯಿತು.

ಇನ್ನು ಹಣದ ಮಾತು. ನನಗೆ ಹೇಳಿದ ಬೆಲೆಗಳಂತೆ ಆರ್‌ಒ ಯಂತ್ರಕ್ಕೆ 16,000 ರೂಪಾಯಿ, ಮೊದಲ ವರ್ಷ ಕಳೆದ ಮೇಲೆ ಪ್ರತಿ ವರ್ಷದ ನಿರ್ವಹಣೆಗೆ 4,500. ಯುವಿ ಯಂತ್ರಕ್ಕೆ 9,000, ನಿರ್ವಹಣೆಗೆ 1,500. ಏಳು ವರ್ಷಗಳ ಬಾಳಿಕೆಯನ್ನು ಹಿಡಿದರೆ ಮೊದಲನೆಯದಕ್ಕೆ 43,000, ಎರಡನೆಯದಕ್ಕೆ 18,000. ಅಂಗಡಿಯಲ್ಲಿ 7,000 ರೂಪಾಯಿಗಳಾಗಿ ಕಾಣುವ ವ್ಯತ್ಯಾಸವು ಕಾಲಕ್ರಮದಲ್ಲಿ 25,000 ರೂಪಾಯಿಗಳಾಗುತ್ತದೆ. ಅದಲ್ಲದೆ, ಸಾಮಾನ್ಯವಾದ ಆರ್‌ಒ ಯಂತ್ರವು ಒಂದು ಲೀಟರು ನೀರನ್ನು ಕೊಡಲು ಸುಮಾರು ಮೂರು ಲೀಟರನ್ನು ಹೊರಚೆಲ್ಲುತ್ತದೆ. ದಿನಕ್ಕೆ 15 ಲೀಟರು ಬಳಸುವ ಮನೆಯಲ್ಲಿ ವರ್ಷಕ್ಕೆ ಹೀಗೆ ಹೋಗುವುದು 16,000 ಲೀಟರಿಗೂ ಅಧಿಕ. ಬೇಸಿಗೆಯಲ್ಲಿ 6,000 ಲೀಟರಿನ ಟ್ಯಾಂಕರಿಗಾಗಿ ಕಾದು ಕುಳಿತವರಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಳ್ಳಿಯ ಕೊಳವೆಬಾವಿಯ ಕಥೆ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಫ್ಲೋರೈಡು ಲೀಟರಿಗೆ 2.6 ಮಿಲಿಗ್ರಾಂ ಇದ್ದಿತು; 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಸಹ್ಯ. ಫ್ಲೋರೈಡು ಮಿತಿಮೀರಿದಾಗ ಬರುವ ಹಲ್ಲಿನ ಮೇಲಿನ ಕಂದು ಕಲೆಯನ್ನೂ ಬಾಗದ ಕೀಲುಗಳನ್ನೂ ಆ ಸೀಮೆಯಲ್ಲಿ ಎಳವೆಯಿಂದಲೇ ಕಂಡವನಾದ ನನಗೆ ಆ ವರದಿಯನ್ನು ಓದುವುದು ಸುಲಭವಾಗಿರಲಿಲ್ಲ. "ಚೆನ್ನಾಗಿ ಕುದಿಸಿ ಆರಿಸಿದರೆ ಸಾಲದೇನಣ್ಣ?" ಎಂದು ತಮ್ಮನು ಕೇಳಿದನು. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುತ್ತದೆ. ಬಟ್ಟೆಯ ಸೋಸುವಿಕೆ, ಪಿಂಗಾಣಿ ಕ್ಯಾಂಡಲು, ಯುವಿ, ಇವಾವುವೂ ಅಲ್ಲಿ ಪ್ರಯೋಜನಕ್ಕೆ ಬಾರವು. ನಗರದಲ್ಲಿ ನಾನು ಬೇಡವೆಂದ ಆರ್‌ಒ ಅಲ್ಲಿ ಅತ್ಯವಶ್ಯಕ.

ಆದರೆ ಯಂತ್ರವನ್ನು ನಾವೇ ಕೊಳ್ಳಬೇಕೆಂದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಆರ್‌ಒ ಘಟಕದಲ್ಲಿ ಐದು ರೂಪಾಯಿಯ ನಾಣ್ಯಕ್ಕೆ 20 ಲೀಟರು ನೀರು ದೊರೆಯುತ್ತದೆ. ದಿನಕ್ಕೊಂದು ಕ್ಯಾನಿನಂತೆ ವರ್ಷಕ್ಕೆ 1,825 ರೂಪಾಯಿ, ಅಂದರೆ ಮನೆಯ ಆರ್‌ಒ ಯಂತ್ರದ ನಿರ್ವಹಣೆಯ ಅರ್ಧಕ್ಕೂ ಕಡಮೆ. ಆ ಘಟಕದ ನೀರನ್ನೂ ಪರೀಕ್ಷೆಗೆ ಕಳುಹಿಸಿ, ಫ್ಲೋರೈಡು ಮಿತಿಯೊಳಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ತಮ್ಮನ ಮನೆಗೆ ಅದನ್ನು ಗೊತ್ತುಮಾಡಿದೆವು. ಘಟಕದ ಒಳಗಿನ ಪೊರೆ ಸವೆದರೆ ನೀರು ನೋಟಕ್ಕೆ ಎಂದಿನಂತೆಯೇ ತಿಳಿಯಾಗಿದ್ದು ಫ್ಲೋರೈಡು ಮಾತ್ರ ಏರುವುದರಿಂದ, ಪ್ರತಿ ವರ್ಷವೂ ಅದನ್ನು ಪರೀಕ್ಷಿಸತಕ್ಕದ್ದು. ಪೊರೆಯನ್ನು ಬದಲಿಸಿದ ದಿನಾಂಕವನ್ನೂ ಕಡೆಯ ಪರೀಕ್ಷೆಯ ಫ್ಲೋರೈಡಿನ ಅಂಕಿಯನ್ನೂ ಘಟಕದ ಬಾಗಿಲಲ್ಲಿ ಬರೆದು ತೂಗುಹಾಕಬೇಕೆಂದು ಗ್ರಾಮ ಪಂಚಾಯಿತಿಗೆ ನಾವಿಬ್ಬರೂ ಅರ್ಜಿ ಕೊಟ್ಟಿದ್ದೇವೆ. ಅಂತಹ ಘಟಕವಿರುವ ಪ್ರತಿಯೊಂದು ಊರಿನವರೂ ಇದನ್ನು ಕೇಳಬೇಕೆಂಬುದು ನನ್ನ ಬೇಡಿಕೆ.