ರಾ ಮತ್ತು ಜೆಪೆಗ್: ಛಾಯಾಚಿತ್ರವನ್ನು ಯಾವ ರೂಪದಲ್ಲಿ ಉಳಿಸಬೇಕು?

ಶಾಸನವನ್ನು ಓದುವ ವಿದ್ವಾಂಸರು ಮೊದಲು ಮಾಡುವ ಕೆಲಸ ಪಡಿಯಚ್ಚು ತೆಗೆಯುವುದು. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಅಕ್ಷರದ ಗುಳಿಗಳೊಳಗೆ ಇಳಿಯುವಂತೆ ಕುಂಚದಿಂದ ತಟ್ಟಿ, ಮೇಲೆ ಮಸಿಯನ್ನು ಒತ್ತಿದರೆ ಕರಿಯ ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಅನಂತರ ಅದನ್ನು ಓದಿ ಪಾಠವನ್ನು ಸಿದ್ಧಪಡಿಸುತ್ತಾರೆ. ಪುಸ್ತಕದಲ್ಲಿ ಅಚ್ಚಾಗಿ ನಮ್ಮ ಕೈಗೆ ಬರುವುದು ಸಾಮಾನ್ಯವಾಗಿ ಪಾಠ. ಆದರೆ ಒಂದು ಅಕ್ಷರ ಮಕಾರವೋ ವಕಾರವೋ ಎಂಬ ಸಂಶಯ ಮುಂದೆ ಯಾರಿಗಾದರೂ ಬಂದರೆ, ಅವರು ಹೋಗಬೇಕಾದುದು ಪಾಠದ ಬಳಿಗಲ್ಲ, ಪಡಿಯಚ್ಚಿನ ಬಳಿಗೆ.

ಡಿಜಿಟಲ್ ಕ್ಯಾಮೆರಾದ ರಾ ಮತ್ತು ಜೆಪೆಗ್ ಎಂಬ ಎರಡು ರೂಪಗಳಿಗೆ ಇರುವ ಸಂಬಂಧವೂ ಹೆಚ್ಚುಕಡಮೆ ಇಂಥದೇ. ರಾ ಎಂಬುದು ಪಡಿಯಚ್ಚು. ಜೆಪೆಗ್ ಎಂಬುದು ಪಾಠ. ನಮ್ಮ ಇತಿಹಾಸ ಸಂಘದವರು ಸುತ್ತಲಿನ ಹಳ್ಳಿಗಳ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಚಿತ್ರಿಸಿಡುವ ಕೆಲಸವನ್ನು ಕೈಗೊಂಡಿರುವುದರಿಂದ, ಯಾವ ರೂಪದಲ್ಲಿ ಚಿತ್ರಗಳನ್ನು ಉಳಿಸಬೇಕೆಂಬ ಚರ್ಚೆ ನಮ್ಮೊಳಗೆ ಹಲವು ಸಲ ನಡೆದಿದೆ. ಈ ವಿಷಯವಾಗಿ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ಯಾಮೆರಾದೊಳಗಿನ ಸಂವೇದಕವು ಬೆಳಕನ್ನು ಅಳೆಯಬಲ್ಲುದೇ ಹೊರತು ಬಣ್ಣವನ್ನು ತಾನಾಗಿ ಅರಿಯದು. ಅದಕ್ಕಾಗಿ ಅದರ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸುರು ಅಥವಾ ನೀಲಿ ಬಣ್ಣದ ಸಣ್ಣ ಶೋಧಕವನ್ನು ಹೊದಿಸಿರುತ್ತಾರೆ. ಅರ್ಧದಷ್ಟು ಬಿಂದುಗಳಿಗೆ ಹಸುರು, ಕಾಲುಭಾಗಕ್ಕೆ ಕೆಂಪು, ಉಳಿದ ಕಾಲುಭಾಗಕ್ಕೆ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರು 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯೇ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಹೀಗೆ ಅಳೆದ ಅಂಕೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬರೆದಿಟ್ಟರೆ ಅದು ರಾ. ಅದು ಇನ್ನೂ ಚಿತ್ರವಲ್ಲ, ಚಿತ್ರವಾಗಬಲ್ಲ ಸಾಮಗ್ರಿ.

ಜೆಪೆಗ್ ಬೇಕೆಂದರೆ ಕ್ಯಾಮೆರಾ ಆ ಕ್ಷಣದಲ್ಲಿಯೇ ಅನೇಕ ತೀರ್ಮಾನಗಳನ್ನು ಮಾಡಿಬಿಡುತ್ತದೆ. ಪ್ರತಿ ಬಿಂದುವಿಗೂ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಊಹಿಸಿ ತುಂಬುತ್ತದೆ, ಬಿಳುಪು ಯಾವುದೆಂದು ಗೊತ್ತುಮಾಡುತ್ತದೆ, ಅಂಚುಗಳನ್ನು ಹರಿತಗೊಳಿಸುತ್ತದೆ, ಕೊನೆಗೆ ಎಲ್ಲವನ್ನೂ ಕುಗ್ಗಿಸಿ ಉಳಿಸುತ್ತದೆ. ಅಕ್ಕಿಯನ್ನು ಬೇಯಿಸಿ ಅನ್ನ ಮಾಡಿ ಬಡಿಸಿದಂತೆ ಇದು. ಉಣ್ಣುವವರಿಗೆ ಅನುಕೂಲವೇ, ಆದರೆ ಅನ್ನವನ್ನು ಮತ್ತೆ ಅಕ್ಕಿ ಮಾಡಲಾಗದು.

ಈ ಕುಗ್ಗಿಸುವ ವಿದ್ಯೆಯ ಹಿಂದೆ ನಮ್ಮ ನಾಡಿನವರೊಬ್ಬರ ಹೆಸರಿದೆಯೆಂಬುದು ಅನೇಕರಿಗೆ ತಿಳಿದಂತಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹಮದ್ ಅವರು ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಒಂದು ಗಣಿತಕ್ರಮವನ್ನು ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದಕ್ಕೂ ಮೊದಲು 1972ರಲ್ಲಿ ಅವರು ಈ ಸಂಶೋಧನೆಗಾಗಿ ಧನಸಹಾಯ ಕೇಳಿದಾಗ ಅದು ದೊರೆಯಲಿಲ್ಲ. ಮುಂದೆ 1992ರಲ್ಲಿ ಅಂಗೀಕೃತವಾದ ಜೆಪೆಗ್ ಮಾನಕಕ್ಕೆ ಅದೇ ಕ್ರಮ ತಳಹದಿಯಾಯಿತು.

ಅದರ ರೀತಿ ಹೀಗೆ: ಚಿತ್ರವನ್ನು ಉದ್ದಕ್ಕೆ 8, ಅಡ್ಡಕ್ಕೆ 8 ಬಿಂದುಗಳ ಚೌಕಗಳಾಗಿ ಹಂಚಿ, ಒಂದೊಂದು ಚೌಕದ 64 ಅಂಕೆಗಳನ್ನು 64 ಅಲೆಗಳ ಪ್ರಮಾಣಗಳಾಗಿ ಮಾರ್ಪಡಿಸುತ್ತಾರೆ. ನಿಧಾನವಾಗಿ ಬದಲಾಗುವ ಛಾಯೆಗಳು ದೊಡ್ಡ ಅಲೆಗಳಲ್ಲಿಯೂ, ಸೂಕ್ಷ್ಮವಾದ ಗೆರೆಗಳು ಸಣ್ಣ ಅಲೆಗಳಲ್ಲಿಯೂ ಸೇರುತ್ತವೆ. ಆಮೇಲೆ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳ ಪ್ರಮಾಣವನ್ನು ಒರಟಾಗಿ ಬರೆದುಕೊಳ್ಳುತ್ತಾರೆ, ಇಲ್ಲವೇ ಸೊನ್ನೆ ಮಾಡಿಬಿಡುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಷ್ಟವಾಗುವುದು ಅಹಮದರ ಮಾರ್ಪಾಡಿನಿಂದಲ್ಲ, ಅನಂತರ ನಡೆಯುವ ಈ ಒರಟು ಲೆಕ್ಕದಿಂದ. ಮುಖಚಿತ್ರಕ್ಕೋ ನಿಸರ್ಗದೃಶ್ಯಕ್ಕೋ ಈ ನಷ್ಟ ಬಾಧಕವಲ್ಲ. ಆದರೆ ಸವೆದುಹೋದ ಅಕ್ಷರದ ಅಂಚು ಅಂಥ ಸಣ್ಣ ಅಲೆಯಲ್ಲಿಯೇ ಅಡಗಿರುತ್ತದೆಂಬುದನ್ನು ಮರೆಯಬಾರದು.

ಎರಡನೆಯ ವ್ಯತ್ಯಾಸ ಬೆಳಕಿನ ಮೆಟ್ಟಿಲುಗಳದು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳು. ರಾದಲ್ಲಿ 12 ಬಿಟ್ ಇದ್ದರೆ 4,096, 14 ಬಿಟ್ ಇದ್ದರೆ 16,384. ಜೆಪೆಗ್ ತನ್ನ ಮೆಟ್ಟಿಲುಗಳನ್ನು ಕಣ್ಣಿನ ಸ್ವಭಾವಕ್ಕೆ ತಕ್ಕಂತೆ ಹಂಚಿಕೊಂಡಿರುವುದರಿಂದ ಈ ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ನೆರಳನ್ನು ಬೆಳಗಿಸಬೇಕಾಗಿ ಬಂದಾಗ ರಾದ ಸಂಪತ್ತು ಕೈಹಿಡಿಯುತ್ತದೆ.

ಇದನ್ನು ಪರೀಕ್ಷಿಸಲು ನಾನು ಹೊಂಗೆಮರದ ಕೆಳಗೆ ನಿಂತಿರುವ ಒಂದು ವೀರಗಲ್ಲನ್ನು ಎರಡು ರೂಪಗಳಲ್ಲಿಯೂ ಏಕಕಾಲದಲ್ಲಿ ತೆಗೆದೆ. ಶಿವಸಾನ್ನಿಧ್ಯವನ್ನು ತೋರಿಸುವ ಮೇಲಿನ ಪಟ್ಟಿಕೆಯ ಮೇಲೆ ಬಿಸಿಲು. ಕಾಳಗದ ಕೆಳಪಟ್ಟಿಕೆಯೂ ಅದರ ಮೇಲಿನ ಬರವಣಿಗೆಯ ಸಾಲೂ ಗಾಢವಾದ ನೆರಳಿನಲ್ಲಿ. ಜೆಪೆಗ್‌ನಲ್ಲಿ ನೆರಳನ್ನು ಬೆಳಗಿಸಿದಾಗ ಕಲೆಕಲೆಯಾದ ಚೌಕಗಳು ಎದ್ದುವು, ಎಲೆಗಳ ಹಸುರು ಕಲ್ಲಿಗೆ ಅಂಟಿಕೊಂಡೇ ಉಳಿಯಿತು. ರಾದಲ್ಲಿ ಬಿಳುಪನ್ನು ಸರಿಪಡಿಸಿ ನೆರಳನ್ನು ಎತ್ತಿದಾಗ, ಮೊದಲು ಕಾಣದಿದ್ದ ಎರಡು ಅಕ್ಷರಗಳು ಓದಲು ಬಂದುವು. ಆದರೆ ಬಿಸಿಲು ತೀರ ಪ್ರಖರವಾಗಿದ್ದ ಒಂದು ಮೂಲೆ ಎರಡರಲ್ಲಿಯೂ ಬರಿಯ ಬಿಳುಪಾಗಿತ್ತು. ಸಂವೇದಕ ತುಂಬಿ ತುಳುಕಿದ ಮೇಲೆ ರಾ ಕೂಡ ನಿರುಪಾಯ. ನಡುಗಿದ ಕೈಯನ್ನೂ ತಪ್ಪಿದ ಫೋಕಸ್ಸನ್ನೂ ಅದು ತಿದ್ದಲಾರದು. ಆದುದರಿಂದ ರಾ ಇದೆಯೆಂದು ಅಜಾಗ್ರತೆ ಸಲ್ಲದು.

ಹಾಗಾದರೆ ಜೆಪೆಗ್ ಕೀಳೇ? ಎಂದಿಗೂ ಅಲ್ಲ. 2.4 ಕೋಟಿ ಬಿಂದುಗಳ, 14 ಬಿಟ್ಟಿನ ರಾ ಕಡತವೊಂದು ಕುಗ್ಗಿಸದಿದ್ದರೆ ಸುಮಾರು 42 ಮೆಗಾಬೈಟ್ ಆಗುತ್ತದೆ. 32 ಗಿಗಾಬೈಟಿನ ಕಾರ್ಡಿನಲ್ಲಿ ಅಂಥವು ಸುಮಾರು 760 ಮಾತ್ರ ಹಿಡಿಯುತ್ತವೆ. ಒಂದಕ್ಕೆ 10 ಮೆಗಾಬೈಟಿನ ಜೆಪೆಗ್‌ಗಳಾದರೆ 3,200 ಹಿಡಿದಾವು. ಜೆಪೆಗ್ಗನ್ನು ಯಾವ ಫೋನಿನಲ್ಲಿಯಾದರೂ ತೆರೆಯಬಹುದು. ರಾಗೆ ಒಂದೊಂದು ಕಂಪನಿಯದು ಒಂದೊಂದು ರೂಪ. ತೆರೆಯಲು ತಕ್ಕ ತಂತ್ರಾಂಶ ಬೇಕು. ಡಾರ್ಕ್‌ಟೇಬಲ್‌ನಂಥವು ಉಚಿತವಾಗಿ ದೊರೆಯುವುದೊಂದು ಸಮಾಧಾನ. ಅಡೋಬಿ ಕಂಪನಿಯವರು 2004ರಲ್ಲಿ ಡಿ.ಎನ್.ಜಿ. ಎಂಬ ಸಾಮಾನ್ಯ ರೂಪವೊಂದನ್ನು ತಂದರು. ಹಲವು ಫೋನುಗಳು ಅದರಲ್ಲಿಯೇ ರಾ ಚಿತ್ರಗಳನ್ನು ಉಳಿಸುತ್ತವೆ. ಇನ್ನು ವೃತ್ತಪತ್ರಿಕೆಗಳ ವಿಚಾರ. ರಾಯಿಟರ್ಸ್ ಸುದ್ದಿಸಂಸ್ಥೆಯವರು 2015ರಲ್ಲಿ ಹೊರಗಿನ ಛಾಯಾಗ್ರಾಹಕರಿಗೆ, ರಾದಿಂದ ಸಂಸ್ಕರಿಸಿದ ಚಿತ್ರಗಳನ್ನು ಕಳುಹಿಸಬೇಡಿ, ಕ್ಯಾಮೆರಾದಲ್ಲಿಯೇ ಆದ ಜೆಪೆಗ್ ಕಳುಹಿಸಿ ಎಂದು ಸೂಚಿಸಿದರು. ವೇಗವೂ ಸಾಚಾತನವೂ ಅದಕ್ಕೆ ಕಾರಣ.

ಆದಕಾರಣ ಆಯ್ಕೆಯನ್ನು ಪ್ರಯೋಜನದಿಂದ ನಿರ್ಣಯಿಸಬೇಕೆಂಬುದು ನನ್ನ ಅಭಿಪ್ರಾಯ. ಕಾಲೇಜಿನ ವಾರ್ಷಿಕೋತ್ಸವ, ಕ್ರೀಡಾಕೂಟ, ಪ್ರವಾಸದ ನೆನಪು ಇವುಗಳಿಗೆ ಜೆಪೆಗ್ ಧಾರಾಳವಾಗಿ ಸಾಕು. ಶಾಸನ, ಶಿಲ್ಪ, ತಾಳೆಗರಿ, ಹಳೆಯ ಕಾಗದಪತ್ರ ಇವುಗಳಿಗೆ ರಾ ಬೇಕು. ಜೊತೆಗೆ ನೋಡಲು, ಹಂಚಲು ಒಂದು ಜೆಪೆಗ್ ಇರಲಿ. ಎರಡನ್ನೂ ಒಟ್ಟಿಗೆ ಉಳಿಸುವ ಸೌಲಭ್ಯ ಅನೇಕ ಕ್ಯಾಮೆರಾಗಳಲ್ಲಿದೆ. ಜೆಪೆಗ್ಗನ್ನು ತಿದ್ದಿ ತಿದ್ದಿ ಮತ್ತೆ ಉಳಿಸಿದಂತೆಲ್ಲ ನಷ್ಟ ಬೆಳೆಯುವುದರಿಂದ ಮೂಲವನ್ನು ಮುಟ್ಟದೆ ಪ್ರತಿಯನ್ನು ಮಾತ್ರ ತಿದ್ದತಕ್ಕದ್ದು. ರಾ ಕಡತಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡತಕ್ಕದ್ದು.

ಜಾಗದ ಖರ್ಚು ಹೆಚ್ಚೆಂದು ಮಿತ್ರರು ಹೇಳುವುದು ನಿಜ. ಆದರೆ ಇನ್ನೊಂದು ಖರ್ಚಿನ ಲೆಕ್ಕವೂ ಇದೆ. ನಾವು ನೋಡಿದ ಕಲ್ಲುಗಳಲ್ಲಿ ಕೆಲವಕ್ಕೆ ಭಕ್ತಿಯಿಂದಲೇ ಬಣ್ಣ ಬಳಿದಿದ್ದಾರೆ. ಕೆಲವು ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ. ಒಂದು ರಸ್ತೆಯ ಅಂಚಿನಲ್ಲಿ ಅರ್ಧ ಹೂತುಹೋಗಿದೆ. ಇವುಗಳ ಅಕ್ಷರಗಳು ಅಳಿದ ಮೇಲೆ, ಬಲ್ಲವರೊಬ್ಬರು ಓದಲು ಕುಳಿತಾಗ ಅವರಿಗೆ ಸಿಗುವುದು ನಾವು ಇಂದು ಉಳಿಸಿದ ಕಡತವೊಂದೇ. ಅವರ ಕಣ್ಣಿಗೆ ಏನು ಬೇಕಾಗುವುದೆಂದು ಕ್ಯಾಮೆರಾಕ್ಕೂ ತಿಳಿಯದು, ನಮಗೂ ತಿಳಿಯದು. ಆದುದರಿಂದ ಏನನ್ನೂ ಎಸೆಯದೆ ಒಪ್ಪಿಸುವುದೇ ನಮ್ಮಂಥ ವಿದ್ಯಾರ್ಥಿಗಳ ಕರ್ತವ್ಯವೆಂದು ನಾನು ನಂಬಿದ್ದೇನೆ.