ಲಸಿಕೆ ಬಂದ ದಾರಿ

ಚಂದಾಪುರದ ನಮ್ಮ ಕಲಿಕಾ ಕೇಂದ್ರ. ಸಂಜೆ ಏಳು ಗಂಟೆ. ಫ್ಯಾಕ್ಟರಿ ಕೆಲಸ, ಮನೆಗೆಲಸ ಮುಗಿಸಿ ಹೆಂಗಸರು ಬಂದು ಕುಳಿತರು. ಅಂದು ಎಲ್ಲರೂ ಸಹಿ ಮಾಡುವುದನ್ನು ಕಲಿತರು.

ಹಾಸನದ ಕಡೆಯ ಅಕ್ಕ ಒಬ್ಬರು ತಮ್ಮ ಸಹಿಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ಕೇಳಿದರು:

"ಮೇಡಂ, 2021ರಲ್ಲಿ ನಾನು ನಮ್ಮೂರ ಕಡೆ ಆಸ್ಪತ್ರೇಲಿ ಕಸ ಗುಡಿಸ್ತಿದ್ದೆ. ಕೊರೊನಾ ಸೂಜಿ ಮೊದಲು ನಮಗೇ ಹಾಕಿದ್ರು. ಅದಕ್ಕೆ ಮುಂಚೆ ಒಂದು ಕಾಗದ ಕೊಟ್ರು. ಎಲ್ರೂ ಸಹಿ ಹಾಕಿದ್ರು. ನಾನು ಹೆಬ್ಬೆಟ್ಟು ಒತ್ತಿದೆ. ಅದ್ರಲ್ಲಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಏನಿತ್ತು ಮೇಡಂ?"

ಪಕ್ಕದಲ್ಲಿದ್ದ ತಂಗಿ ಕೇಳಿದಳು: "ಒಂದೇ ವರ್ಷಕ್ಕೆ ಆ ಸೂಜಿ ಹೆಂಗೆ ಬಂತು? ನಮ್ಮ ಮೇಲೇ ಪರೀಕ್ಷೆ ಮಾಡಿದ್ರು ಅಂತಾರೆ. ನಿಜಾನಾ?"

ಎರಡೂ ಒಳ್ಳೆಯ ಪ್ರಶ್ನೆಗಳು. ಬನ್ನಿ, ಉತ್ತರ ತಿಳಿಯೋಣ.

ಲಸಿಕೆ ಅಂದರೆ ಏನು?

ನಮ್ಮ ಗುಂಪಿನ ಅಜ್ಜಿ ತೋಳು ತೋರಿಸಿದರು. ಅಲ್ಲಿ ದುಂಡಗಿನ ಹಳೆಯ ಗುರುತು. "ಇದು ಸಿಡುಬಿನ ಸೂಜಿ ಕಣವ್ವ. ನಾನು ಚಿಕ್ಕವಳಾಗಿದ್ದಾಗ ಹಾಕಿದ್ದು" ಎಂದರು.

ಸಿಡುಬು ಬಂದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಊರೂರಿಗೆ ಹೋಗಿ ಲಸಿಕೆ ಹಾಕಿದರು. 1975ರ ನಂತರ ಭಾರತದಲ್ಲಿ ಸಿಡುಬು ಹರಡಲಿಲ್ಲ. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತು ಎಂದು ಸಾರಿದರು.

ಲಸಿಕೆ ಹೇಗೆ ಕೆಲಸ ಮಾಡುತ್ತದೆ? ಮೊದಲ ದಿನ 'ಅ' ಅಕ್ಷರ ನೋಡಿದಾಗ ನಿಮಗೆ ಗುರುತು ಸಿಗಲಿಲ್ಲ. ತಿದ್ದಿದಿರಿ. ಮತ್ತೆ ತಿದ್ದಿದಿರಿ. ಈಗ ಬಸ್ಸಿನ ಬೋರ್ಡಿನಲ್ಲಿ ಕಂಡರೂ ಗುರುತಿಸುತ್ತೀರಿ. ನಮ್ಮ ಮೈ ಕೂಡ ಹೀಗೆಯೇ ಕಲಿಯುತ್ತದೆ. ಲಸಿಕೆ ರೋಗದ ಗುರುತನ್ನು ಮೈಗೆ ಮೊದಲೇ ತೋರಿಸುತ್ತದೆ. ಎರಡನೇ ಸೂಜಿ ಅಂದರೆ ಇನ್ನೊಮ್ಮೆ ತಿದ್ದಿದ ಹಾಗೆ. ಮುಂದೆ ನಿಜವಾದ ರೋಗ ಬಂದಾಗ ಮೈ ಬೇಗ ಗುರುತಿಸಿ ಹೋರಾಡುತ್ತದೆ.

ಕೋವ್ಯಾಕ್ಸಿನ್ ಹೇಗೆ ತಯಾರಾಯಿತು?

ಕೊರೊನಾ ರೋಗ ತರುವುದು ಒಂದು ವೈರಸ್. ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಭಾರತದಲ್ಲಿ ಈ ರೋಗದಿಂದ ಆದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ ತಿಂಗಳಲ್ಲಿ.

ಆಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ರೋಗಿಗಳಿಂದ ಈ ವೈರಸ್ಸನ್ನು ಬೇರ್ಪಡಿಸಿದರು. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಒಬ್ಬ ಮಹಿಳೆ, ಡಾಕ್ಟರ್ ಪ್ರಿಯಾ ಅಬ್ರಹಾಂ. ವೈರಸ್ಸನ್ನು ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಗೆ ಕೊಟ್ಟರು. ಅಲ್ಲಿ ಅದನ್ನು ಬೆಳೆಸಿದರು. ರಾಸಾಯನಿಕ ಹಾಕಿ ಕೊಂದರು. ಸತ್ತ ವೈರಸ್ ರೋಗ ತರಲಾರದು. ಆದರೆ ಅದರ ಗುರುತು ಮೈಗೆ ಸಿಗುತ್ತದೆ. ಅದೇ ಕೋವ್ಯಾಕ್ಸಿನ್. ಹಾಸನದ ಅಕ್ಕ ಹಾಕಿಸಿಕೊಂಡದ್ದು ಇದನ್ನೇ.

ಇದನ್ನು ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡಿದರು. 20 ಕೋತಿಗಳ ಮೇಲೂ ಪರೀಕ್ಷೆ ನಡೆಯಿತು. ಜನರ ಮೇಲೂ ಪರೀಕ್ಷೆ ಮಾಡಿದರು.

ಜನರ ಮೇಲೆ ಪರೀಕ್ಷೆ

ಹೌದು, ಯಾವ ಲಸಿಕೆಯನ್ನಾದರೂ ಜನರ ಮೇಲೆ ಪರೀಕ್ಷೆ ಮಾಡಲೇಬೇಕು. ಆದರೆ ಒಪ್ಪಿ ಬಂದವರ ಮೇಲೆ ಮಾತ್ರ ಮಾಡಬೇಕು. ಇದಕ್ಕೆ ಮೂರು ಹಂತ ಇವೆ.

ಮೊದಲ ಹಂತ: 375 ಜನ. ಲಸಿಕೆಯಿಂದ ತೊಂದರೆ ಇದೆಯೇ ಎಂದು ನೋಡಿದರು. ಬೆಳಗಾವಿಯ ಒಂದು ಆಸ್ಪತ್ರೆಯಲ್ಲೂ ಇದು ನಡೆಯಿತು.

ಎರಡನೇ ಹಂತ: 380 ಜನ. ಎಷ್ಟು ಮದ್ದು ಬೇಕು, ಮೈ ಎಷ್ಟು ಕಲಿಯುತ್ತದೆ ಎಂದು ನೋಡಿದರು.

ಮೂರನೇ ಹಂತ: ಸುಮಾರು 25,800 ಜನ. ನಮ್ಮ ವೈಟ್‌ಫೀಲ್ಡಿನ ವೈದೇಹಿ ಆಸ್ಪತ್ರೆಯಲ್ಲೂ 2020ರ ಡಿಸೆಂಬರ್‌ನಲ್ಲಿ ಇದು ನಡೆಯಿತು. ಅರ್ಧ ಜನರಿಗೆ ಲಸಿಕೆ ಕೊಟ್ಟರು. ಇನ್ನರ್ಧ ಜನರಿಗೆ ವೈರಸ್ ಇಲ್ಲದ ಬರಿ ಸೂಜಿ. ಯಾರಿಗೆ ಯಾವುದು ಎಂದು ಹಾಕಿಸಿಕೊಂಡವರಿಗೂ ಗೊತ್ತಿಲ್ಲ, ಹಾಕಿದವರಿಗೂ ಗೊತ್ತಿಲ್ಲ. ಆಗಲೇ ಲೆಕ್ಕ ನೇರವಾಗಿ ಬರುತ್ತದೆ.

ಮೊದಲೆಲ್ಲ ಲಸಿಕೆಗೆ ಹಲವು ವರ್ಷ ಬೇಕಿತ್ತು. ಈ ಸಲ ಒಂದು ಹಂತ ಮುಗಿಯುವ ಮುಂಚೆಯೇ ಇನ್ನೊಂದಕ್ಕೆ ತಯಾರಿ ನಡೆಯಿತು. ಪರೀಕ್ಷೆ ನಡೆಯುತ್ತಿರುವಾಗಲೇ ಕಾರ್ಖಾನೆಯೂ ಕೆಲಸ ಶುರು ಮಾಡಿತು. ಅದಕ್ಕೇ ಬೇಗ ಆಯಿತು.

ಆ ಕಾಗದದಲ್ಲಿ ಏನಿತ್ತು?

ಈಗ ಅಕ್ಕನ ಪ್ರಶ್ನೆಗೆ ಬರೋಣ. ಸರ್ಕಾರ ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟದ್ದು 2021ರ ಜನವರಿ 3ರಂದು. ಆಗ ಮೂರನೇ ಹಂತ ಇನ್ನೂ ಮುಗಿದಿರಲಿಲ್ಲ. "ಫಲಿತಾಂಶ ಬರಲಿ, ಆಮೇಲೆ ಕೊಡಿ" ಎಂದು ಕೆಲವು ವೈದ್ಯರು ಹೇಳಿದರು. "ರೋಗ ಕಾಯುವುದಿಲ್ಲ" ಎಂದು ಇನ್ನು ಕೆಲವರು ಹೇಳಿದರು.

ಅದಕ್ಕೇ ಆ ಮೊದಲ ದಿನಗಳಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಂದ ಒಪ್ಪಿಗೆ ಪತ್ರ ಪಡೆದರು. ಅದರಲ್ಲಿ ಮುಖ್ಯವಾಗಿ ಹೀಗಿತ್ತು: ಈ ಲಸಿಕೆ ಎಷ್ಟು ಕಾಪಾಡುತ್ತದೆ ಎಂಬುದು ಇನ್ನೂ ಗೊತ್ತಾಗಬೇಕು. ಮೂರನೇ ಹಂತ ನಡೆಯುತ್ತಿದೆ. ತೊಂದರೆಯಾದರೆ ಚಿಕಿತ್ಸೆ ಕೊಡುತ್ತೇವೆ. ಲಸಿಕೆಯಿಂದಲೇ ದೊಡ್ಡ ತೊಂದರೆ ಆಯಿತೆಂದು ಸಾಬೀತಾದರೆ ಕಂಪನಿ ಪರಿಹಾರ ಕೊಡುತ್ತದೆ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಇಷ್ಟೆಲ್ಲಾ ಇತ್ತಾ! ಯಾರೂ ಓದಿ ಹೇಳ್ಲಿಲ್ವಲ್ಲ."

ಓದಿ ಹೇಳಬೇಕಾಗಿತ್ತು. ಅದು ಕೊಟ್ಟವರ ಕರ್ತವ್ಯ. ಕೇಳುವುದು ಅಕ್ಕನ ಹಕ್ಕು. ಅರ್ಥವಾಗದೆ ಒತ್ತಿದ ಹೆಬ್ಬೆಟ್ಟು ನಿಜವಾದ ಒಪ್ಪಿಗೆ ಅಲ್ಲ.

ಫಲ ಏನಾಯಿತು?

ಮೂರನೇ ಹಂತದ ಫಲಿತಾಂಶ 2021ರ ಜುಲೈನಲ್ಲಿ ಹೊರಬಂತು. ಪರೀಕ್ಷೆಗೆ ಬಂದವರಲ್ಲಿ 130 ಜನರಿಗೆ ರೋಗ ಕಾಣಿಸಿತ್ತು. ಬರಿ ಸೂಜಿಯವರಲ್ಲಿ 106 ಜನ. ಲಸಿಕೆ ಪಡೆದವರಲ್ಲಿ 24 ಜನ. ಅಂದರೆ ರೋಗ ಬರಬೇಕಿದ್ದ 100 ಜನರಲ್ಲಿ ಸುಮಾರು 78 ಜನರನ್ನು ಲಸಿಕೆ ಕಾಪಾಡಿತು.

ಲಸಿಕೆ ಹಾಕಿದರೆ ರೋಗ ಬರುವುದೇ ಇಲ್ಲ ಎಂದಲ್ಲ. ಕೆಲವರಿಗೆ ಜ್ವರ, ಕೈನೋವು ಬರುತ್ತದೆ. ಬಹಳ ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಬಹುದು. ಅದಕ್ಕೇ ಮೊದಲೇ ಕೇಳಿ ತಿಳಿಯಬೇಕು. ಆಮೇಲೆ ತೊಂದರೆ ಕಂಡರೆ ಆಸ್ಪತ್ರೆಗೆ ಹೋಗಬೇಕು.

"ಹಂಗಾದ್ರೆ ನಾನು ಸೂಜಿ ಹಾಕಿಸ್ಕೊಂಡಿದ್ದು ಒಳ್ಳೇದೇ ಆಯ್ತು. ಓದ್ದೆ ಒತ್ತಿದ್ದು ಮಾತ್ರ ಸರಿಯಲ್ಲ" ಎಂದರು ಅಕ್ಕ. "ಇನ್ನು ಮೇಲೆ ಯಾರಾದ್ರೂ ಕಾಗದ ಕೊಟ್ರೆ, ಸ್ವಲ್ಪ ತಾಳಿ, ಓದ್ತೀನಿ ಅಂತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊಸ ಪದಗಳು

ವೈರಸ್: ರೋಗ ತರುವ, ಕಣ್ಣಿಗೆ ಕಾಣದ ಸಣ್ಣ ಕಣ
ಹಂತ: ಮೆಟ್ಟಿಲು
ಒಪ್ಪಿಗೆ ಪತ್ರ: ತಿಳಿದು ಒಪ್ಪಿದ್ದೇನೆ ಎಂದು ಸಹಿ ಮಾಡುವ ಕಾಗದ
ಪರಿಹಾರ: ನಷ್ಟಕ್ಕೆ ಕೊಡುವ ಹಣ

ಓದಿ, ಬರೆಯಿರಿ

1. ಲಸಿಕೆಯನ್ನು ಜನರ ಮೇಲೆ ಎಷ್ಟು ಹಂತಗಳಲ್ಲಿ ಪರೀಕ್ಷೆ ಮಾಡುತ್ತಾರೆ?
2. ಲೆಕ್ಕ ಮಾಡಿ: 106ರಲ್ಲಿ 24 ಕಳೆದರೆ ಎಷ್ಟು?
3. ಬಿಟ್ಟ ಜಾಗ ತುಂಬಿ: ಅರ್ಥವಾಗದೆ ಒತ್ತಿದ ಹೆಬ್ಬೆಟ್ಟು ನಿಜವಾದ ........ ಅಲ್ಲ.

ಮಾತಾಡಿ

ನೀವು ಓದದೆ ಸಹಿ ಹಾಕಿದ ಕಾಗದ ಮನೆಯಲ್ಲಿ ಇದೆಯೇ? ಸಂಘದ ಸಾಲದ್ದೋ, ಬಾಡಿಗೆ ಮನೆಯದ್ದೋ ಇರಬಹುದು. ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.